ನಿಲ್ಲಿಸುವ ವಿದ್ಯೆ

ಕುದುರೆಯನ್ನು ಏರುವವನನ್ನೂ ಮೋಟಾರು ಸೈಕಲ್ಲನ್ನು ಏರುವವನನ್ನೂ ನಾವು ಸವಾರನೆಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಹೆಸರು ಒಂದಾದರೂ ಇಬ್ಬರ ಭಾಗ್ಯ ಒಂದಲ್ಲ. ಕುದುರೆಗೆ ತನ್ನದೇ ಆದ ಬುದ್ಧಿಯುಂಟು. ಮುಂದೆ ಹಳ್ಳವಿದ್ದರೆ ಸವಾರನು ತೂಕಡಿಸುತ್ತಿದ್ದರೂ ಅದು ನಿಂತೀತು. ಮೋಟಾರು ಸೈಕಲ್ಲಿಗೆ ಅಂಥ ವಿವೇಕವಿಲ್ಲ. ಗೋಡೆಯ ಕಡೆಗೆ ತಿರುಗಿಸಿದರೆ ಗೋಡೆಯ ಕಡೆಗೇ ನಿಷ್ಠೆಯಿಂದ ಹೋಗುತ್ತದೆ. ಆದರೂ ವಿಚಿತ್ರ ನೋಡಿ, ಹಿಂದಿನ ರಾವುತನು ವರ್ಷಗಟ್ಟಲೆ ಪಳಗಿ ಪಡೆಯುತ್ತಿದ್ದ ವಿದ್ಯೆಯನ್ನು ನಾವು ಒಂದು ಭಾನುವಾರದ ಬೆಳಿಗ್ಗೆ, ಯಾವುದೋ ಬಯಲಿನಲ್ಲಿ, ಹಿಂದೆ ಕುಳಿತ ಗೆಳೆಯನೊಬ್ಬ ಕೂಗಿ ಹೇಳುವ ನಾಲ್ಕು ಮಾತುಗಳಲ್ಲಿ ಮುಗಿಸಿಬಿಡುತ್ತೇವೆ. ಆ ಮಾತುಗಳಾದರೂ ಎಂಥವು? ಕ್ಲಚ್ಚು ಹಿಡಿ, ಗೇರು ಹಾಕು, ಕ್ಲಚ್ಚನ್ನು ಮೆಲ್ಲಗೆ ಬಿಡು, ಆಕ್ಸಿಲರೇಟರು ಕೊಡು. ನಾಲ್ಕೂ ಗಾಡಿಯನ್ನು ಹೊರಡಿಸುವ ಮಾತುಗಳೇ. ನಿಲ್ಲಿಸುವ ಮಾತು ಒಂದೂ ಇಲ್ಲ. ನಮ್ಮ ಭಾಷೆಯೂ ಈ ವಿಷಯದಲ್ಲಿ ಪಕ್ಷಪಾತಿಯಾಗಿದೆ. ಗಾಡಿ ಓಡಿಸಲು ಬರುತ್ತದೆಯೆ ಎಂದು ಎಲ್ಲರೂ ಕೇಳುತ್ತಾರೆ. ನಿಲ್ಲಿಸಲು ಬರುತ್ತದೆಯೆ ಎಂದು ಯಾರಾದರೂ ವಿಚಾರಿಸಿದ್ದನ್ನು ನಾನು ಕಾಣೆ.

ನಾನು ಈ ವಾಹನವನ್ನು ಏರಲು ತೊಡಗಿ ಇನ್ನೂ ಎರಡು ವರ್ಷ ತುಂಬಿಲ್ಲ. ವಯಸ್ಸು ನಲವತ್ತೈದನ್ನು ದಾಟಿದ ಮೇಲೆ, ಮೈಸೂರಿನಿಂದ ಮಂಡ್ಯದ ಕಡೆಗಿರುವ ಕಾಲೇಜೊಂದಕ್ಕೆ ವರ್ಗವಾಗಿ, ಬಸ್ಸು ಬರುವ ಹೊತ್ತಿಗೂ ಪಾಠದ ಗಂಟೆ ಹೊಡೆಯುವ ಹೊತ್ತಿಗೂ ಒಪ್ಪಂದವಾಗದಿದ್ದುದರಿಂದ ಕಲಿತದ್ದು. ಈ ವಿಷಯವಾಗಿ ಬರೆಯಲು ನನಗೆ ಏನಾದರೂ ಅರ್ಹತೆಯಿದ್ದರೆ ಅದು ಈ ತಡವೇ. ಹದಿನೆಂಟರ ಹುಡುಗನು ತಾನು ಏನನ್ನು ಕಲಿಯುತ್ತಿದ್ದೇನೆಂದು ಅರಿಯದೆಯೇ ಕಲಿತುಬಿಡುತ್ತಾನೆ. ತಾಯ್ನುಡಿಯನ್ನಾಡುವವನಿಗೆ ವ್ಯಾಕರಣ ಕಣ್ಣಿಗೆ ಬೀಳುವುದಿಲ್ಲವಷ್ಟೆ. ತಡವಾಗಿ ಕಲಿತವನಿಗಾದರೋ ಒಂದೊಂದು ಪ್ರತ್ಯಯವೂ ಎದುರಿಗೆ ಬಂದು ನಿಲ್ಲುತ್ತದೆ. ಎಡಗೈಗೆ ಕ್ಲಚ್ಚು, ಎಡಗಾಲಿಗೆ ಗೇರು, ಬಲಗಾಲಿಗೆ ಹಿಂದಿನ ಬ್ರೇಕು, ಬಲಗೈಗೆ ಮುಂದಿನ ಬ್ರೇಕೂ ಆಕ್ಸಿಲರೇಟರೂ: ನಾಲ್ಕು ಅಂಗಗಳಿಗೆ ಐದು ಕೆಲಸ. ಇವಲ್ಲದೆ ಕಣ್ಣಿಗೆ ಬೇರೆ ಕೆಲಸ, ಕಿವಿಗೆ ಬೇರೆ ಕೆಲಸ. ಮೃದಂಗದವರಿಗೂ ಇಷ್ಟು ಹಂಚಿಕೆಯಿರಲಾರದು.

ಮೈಸೂರಿನಲ್ಲಿ ಈ ಮಾತೆತ್ತಿದರೆ ಜಾವಾ ಬಾರದೆ ಮಾತು ಮುಗಿಯುವುದಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರಲು ತೊಡಗಿ, 1973ರಿಂದ ಯೆಜ್ಡಿಯೆಂಬ ಹೆಸರನ್ನು ಹೊತ್ತ ಆ ಗಾಡಿಗಳು, 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಇಲ್ಲಿನ ಹಿರಿಯರ ನೆನಪಿನಲ್ಲಿ ಓಡುತ್ತಲೇ ಇವೆ. ಗೇರಿನ ಲಿವರನ್ನೇ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳುತ್ತಿದ್ದ ಚಮತ್ಕಾರವನ್ನು ವರ್ಣಿಸುವಾಗ ನಿವೃತ್ತರಾದ ಮೇಷ್ಟರುಗಳ ಮುಖದಲ್ಲಿ ಮೂಡುವ ಕಳೆಯನ್ನು ನೋಡಬೇಕು. "ನಮಗೆ ಯಾರಪ್ಪ ಹೇಳಿಕೊಟ್ಟರು? ನಾವೇ ಕಲಿಯಲಿಲ್ಲವೆ?" ಎಂದು ಅವರು ಕೇಳುವುದುಂಟು. ಕೇಳುವುದು ಸಹಜ. ಆದರೆ ಅವರು ಕಲಿತದ್ದು ಬೇರೆ ಬೀದಿಯಲ್ಲಿ. ಅಂದು ಒಂದು ಗಾಡಿ ಹೋದ ಮೇಲೆ ಇನ್ನೊಂದು ಬರುವವರೆಗೆ ರಸ್ತೆ ಎತ್ತಿನ ಗಾಡಿಗೂ ಸೈಕಲ್ಲಿಗೂ ಸೇರಿದ್ದಾಗಿತ್ತು. ಹೊಸಬನು ತಡವರಿಸಿದರೆ ಅದು ಕ್ಷಮಿಸುತ್ತಿತ್ತು. ಇಂದಿನ ರಸ್ತೆಗೆ ಆ ಉದಾರತೆಯಿಲ್ಲ.

ಇಷ್ಟು ಹೇಳಿದಾಗ ನನಗೆ ಸವಾರಿಯಲ್ಲಿ ಸುಖವಿಲ್ಲವೆಂದು ವಾಚಕರು ಭಾವಿಸಬಾರದು. ಸುಖವುಂಟು, ಅದೂ ಬಸ್ಸಿನ ಕಿಟಕಿಯ ಬಳಿ ಕುಳಿತು ಇಪ್ಪತ್ತು ವರ್ಷ ಓಡಾಡಿದವನಿಗೆ ಕಲ್ಪನೆಗೂ ಬಾರದ ಸುಖ. ಬಸ್ಸಿನಿಂದ ನಾವು ನಾಡನ್ನು ನೋಡುತ್ತೇವೆ. ಗಾಡಿಯ ಮೇಲೆ ನಾಡು ನಮ್ಮ ಮೈಯನ್ನು ಮುಟ್ಟುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ಬಿಸಿಲಿನ ಮಧ್ಯದಲ್ಲಿ ತಣ್ಣನೆಯ ಗಾಳಿಯದೊಂದು ಪಟ್ಟಿಯಿದೆ. ಅದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಈಗ ನಾನು ಕಣ್ಣು ಮುಚ್ಚಿಯೂ ಹೇಳಬಲ್ಲೆ (ಸವಾರಿಯಲ್ಲಿ ಹಾಗೆ ಮಾಡುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ). ನಾಲೆಯ ಬಯಲಿಗೆ ಇಳಿದೊಡನೆ ಕೆಸರಿನ ವಾಸನೆ. ಮುಂದೆ ಆಲೆಮನೆಯಿದ್ದರೆ ಅದು ಕಾಣುವುದಕ್ಕೆ ಎಷ್ಟೋ ಮೊದಲು ಕಾದ ಬೆಲ್ಲದ ಕಂಪು. ಇಳಿಸಂಜೆಯ ಹುಳುಗಳನ್ನೂ ಈ ಸ್ಪರ್ಶಗಳ ಪಟ್ಟಿಯಲ್ಲಿ ಸೇರಿಸಬೇಕಾಗುತ್ತದೆಂಬುದು ನಿಜ.

ಇನ್ನೊಂದು ಸುಖ ಮನುಷ್ಯರದು. ಬೀದಿಯಲ್ಲಿ ನಮ್ಮವರು ಒರಟರೆಂದು ಬೈಯುವವರು ಒಂದು ವಾರ ಮೋಟಾರು ಸೈಕಲ್ಲಿನ ಮೇಲೆ ಓಡಾಡಿ ನೋಡಲಿ. ಪಕ್ಕದ ಸ್ಟ್ಯಾಂಡನ್ನು ಮಡಿಸಲು ಮರೆತು ಯಾರಾದರೂ ಹೊರಟರೆ ಅರ್ಧ ಊರು "ಸ್ಟ್ಯಾಂಡು! ಸ್ಟ್ಯಾಂಡು!" ಎಂದು ಕೂಗುತ್ತದೆ. ಎಳನೀರು ಮಾರುವವನು, ಬಸ್ಸಿನ ಬಾಗಿಲಲ್ಲಿ ನೇತಾಡುವ ಹುಡುಗ, ಎಮ್ಮೆಯನ್ನು ಹೊಡೆದುಕೊಂಡು ಹೋಗುವ ಅಜ್ಜಿ, ಯಾರಿಗೂ ಇದರಿಂದ ಬರುವುದೇನೂ ಇಲ್ಲ. ಹಾಗೆಯೇ ಹಗಲಲ್ಲಿ ದೀಪ ಉರಿಯುತ್ತಿದ್ದರೆ ಎದುರಿನಿಂದ ಬರುವವರು ಐದು ಬೆರಳನ್ನೂ ಅರಳಿಸಿ ಮುಚ್ಚಿ ಸಂಜ್ಞೆ ಮಾಡುತ್ತಾರೆ. 2017ರ ಏಪ್ರಿಲ್ಲಿನಿಂದ ಹೊಸ ಗಾಡಿಗಳಲ್ಲಿ ಇಂಜಿನ್ನು ಹೊತ್ತಿದೊಡನೆ ದೀಪವೂ ತಾನಾಗಿ ಹೊತ್ತಿಕೊಳ್ಳುವಂತೆ ನಿಯಮವಾಗಿದೆ. ಆರಿಸುವ ಗುಂಡಿಯೇ ಇಲ್ಲ. ಇದನ್ನು ಪ್ರತಿಯೊಬ್ಬರಿಗೂ ನಿಂತು ವಿವರಿಸಲಾದೀತೆ? ನಾನು ತಲೆಯಾಡಿಸಿ ಕೃತಜ್ಞತೆಯನ್ನು ಸೂಚಿಸಿ ಮುಂದೆ ಹೋಗುತ್ತೇನೆ. ಅಪರಿಚಿತನ ಪ್ರಾಣದ ಬಗ್ಗೆ ಇಷ್ಟು ಕಾಳಜಿಯುಳ್ಳ ಜನ, ಸವಾರಿಯನ್ನು ಕಲಿಸುವ ವಿಷಯದಲ್ಲಿ ಮಾತ್ರ ಇಷ್ಟು ಉದಾಸೀನರಾಗಿರುವುದು ನನಗೆ ಒಗಟಾಗಿದೆ.

ಈ ರಸ್ತೆಯಲ್ಲಿ ಸವಾರನು ಕಲಿಯಬೇಕಾದದ್ದು ಏನು? ಮೊದಲನೆಯದು ನೋಟ. ಸುಗ್ಗಿಯ ದಿನಗಳಲ್ಲಿ ಹಳ್ಳಿಯ ರಸ್ತೆಗಳ ಮೇಲೆ ಹುರುಳಿಯನ್ನೂ ರಾಗಿಯ ತೆನೆಯನ್ನೂ ಹರಡಿರುತ್ತಾರೆ. ಹಾದುಹೋಗುವ ಚಕ್ರಗಳೇ ಒಕ್ಕಣೆಯ ಎತ್ತುಗಳು. ಕಣಗಳು ಕಡಮೆಯಾಗಿ, ಕಣದಲ್ಲಿ ದುಡಿಯುವ ಕೈಗಳೂ ಕಡಮೆಯಾದ ಮೇಲೆ ರೈತನು ಟಾರು ರಸ್ತೆಯನ್ನು ಕಣ ಮಾಡಿಕೊಂಡದ್ದಕ್ಕೆ ಅವನೊಬ್ಬನನ್ನೇ ಬೈಯುವುದು ನ್ಯಾಯವಲ್ಲ. ಆದರೆ ನಾಲ್ಕು ಚಕ್ರದವನಿಗೆ ಅದು ಬರಿಯ ಹುಲ್ಲಿನ ಸದ್ದು. ಎರಡು ಚಕ್ರದವನಿಗೆ ಎಣ್ಣೆ ಸವರಿದ ನೆಲ. ಅದರ ಮೇಲೆ ಬ್ರೇಕು ಹಿಡಿಯಬಾರದು, ಹ್ಯಾಂಡಲ್ಲು ತಿರುಗಿಸಬಾರದು. ಅದನ್ನು ಮುಟ್ಟುವ ಮೊದಲೇ ವೇಗವನ್ನು ಇಳಿಸಿಕೊಂಡು ನೇರವಾಗಿ ದಾಟಬೇಕು. ಮೊದಲೇ ಇಳಿಸಬೇಕಾದರೆ ಮೊದಲೇ ಕಾಣಬೇಕು. ಕಬ್ಬಿನ ಕಾಲದಲ್ಲಿ ಎರಡೆರಡು ಟ್ರೈಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಕತ್ತಲೆಯೇ ಮೂಟೆ ಕಟ್ಟಿಕೊಂಡು ಹೊರಟಂತೆ ಹೋಗುತ್ತಿರುತ್ತವೆ. ಎದುರಿನ ಕಾರಿನ ಬೆಳಕು ಕಣ್ಣಿಗೆ ಹೊಡೆದ ಗಳಿಗೆಯಲ್ಲಿ ಆ ಮೂಟೆ ಇದೆಯೆಂದು ತಿಳಿಯುವುದು ಅದರ ಅಂಚಿನಲ್ಲಿ ಬೆಳಕು ಮರೆಯಾದದ್ದರಿಂದ ಮಾತ್ರ. ಬಳಿಯದ ರಸ್ತೆಯುಬ್ಬುಗಳ ಮಾತನ್ನು ನಾನು ಎತ್ತುವುದಿಲ್ಲ. ಅದಕ್ಕೆ ಬೇರೆಯೇ ಒಂದು ಪುಟ ಬೇಕು.

ನೋಟದ ವಿಷಯದಲ್ಲಿ ಈ ವಾಹನಕ್ಕೆ ಒಂದು ವಿಲಕ್ಷಣ ಗುಣವಿದೆ. ಸವಾರನ ಕಣ್ಣು ಎಲ್ಲಿ ನೆಟ್ಟಿದೆಯೋ ಗಾಡಿ ಅಲ್ಲಿಗೇ ಹೋಗುತ್ತದೆ. ರಸ್ತೆಯಲ್ಲಿ ಒಂದೇ ಒಂದು ಗುಂಡಿಯಿದ್ದು ಅದನ್ನೇ ದಿಟ್ಟಿಸುತ್ತ ಬಂದರೆ ಚಕ್ರ ಕರಾರುವಾಕ್ಕಾಗಿ ಅದರಲ್ಲೇ ಇಳಿಯುತ್ತದೆ. ತಪ್ಪಿಸಿಕೊಳ್ಳಬೇಕಾದರೆ ಗುಂಡಿಯನ್ನಲ್ಲ, ಅದರ ಪಕ್ಕದ ದಾರಿಯನ್ನು ನೋಡಬೇಕು. ಇನ್ನೂ ಆಶ್ಚರ್ಯದ್ದು ತಿರುಗುವ ಕ್ರಮ. ಸ್ವಲ್ಪ ವೇಗದಲ್ಲಿರುವಾಗ ಎಡಕ್ಕೆ ಹೋಗಬೇಕಾದರೆ ಹ್ಯಾಂಡಲ್ಲಿನ ಎಡತುದಿಯನ್ನು ಮುಂದಕ್ಕೆ ಒತ್ತಬೇಕು. ಎಂದರೆ ಚಕ್ರವನ್ನು ಕ್ಷಣಮಾತ್ರ ಬಲಕ್ಕೆ ತಿರುಗಿಸಬೇಕು. ಆಗ ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ತಿರುಗುತ್ತದೆ. ಸೈಕಲ್ ಬಿಡುವ ಪ್ರತಿಯೊಬ್ಬರೂ ಇದನ್ನು ಮಾಡುತ್ತಾರೆ. ಮಾಡುತ್ತೇವೆಂದು ಅವರಿಗೆ ತಿಳಿದಿರುವುದಿಲ್ಲ. ವಿಮಾನದ ಕೀರ್ತಿಗೆ ಮೊದಲು ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್ ಈ ಅಜ್ಞಾನವನ್ನು ಗಮನಿಸಿದ್ದನು. ಮೈಗೆ ಗೊತ್ತಿರುವುದು ಮನಸ್ಸಿಗೆ ಗೊತ್ತಿಲ್ಲದಿದ್ದರೆ ಎಂದಿನ ದಿನಗಳಲ್ಲಿ ನಷ್ಟವಿಲ್ಲ. ನಾಯಿಯೊಂದು ಅಡ್ಡ ಬಂದ ದಿನ ಮೈ ಬೆದರಿ ಕಲಿತದ್ದನ್ನು ಮರೆಯುತ್ತದೆ. ಆಗ ಮನಸ್ಸಿನ ನೆರವು ಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಹೊಸದಾಗಿ ಗಾಡಿ ತಂದಾಗ ನನ್ನ ವಿದ್ಯಾರ್ಥಿಯೊಬ್ಬ ಬಹಳ ವಿಶ್ವಾಸದಿಂದ, "ಸಾರ್, ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡಿ, ಎತ್ತಿ ಹಾಕ್ಬಿಡುತ್ತೆ" ಎಂದ. ಇದೇ ಉಪದೇಶವನ್ನು ಪೆಟ್ರೋಲು ಹಾಕುವವರು, ನೆರೆಯವರು, ಬಂಧುಗಳು, ಎಲ್ಲರೂ ಮಾಡಿದರು. ನಮ್ಮ ಕಡೆ ಇದು ವೇದವಾಕ್ಯ. ಇದಕ್ಕೆ ಮೂಲವಿಲ್ಲದೆ ಇಲ್ಲ: ಮರಳಿನ ಮೇಲೆ, ಜಲ್ಲಿಯ ಮೇಲೆ, ಹ್ಯಾಂಡಲ್ಲು ತಿರುಗಿರುವಾಗ ಮುಂದಿನ ಬ್ರೇಕನ್ನು ಒಮ್ಮೆಲೇ ಜಗ್ಗಿದರೆ ಚಕ್ರ ಜಾರಿ ಬೀಳುವುದು ಖಂಡಿತ. ಆದರೆ ಒಣಗಿದ ಟಾರಿನ ಮೇಲೆ ನೇರವಾಗಿ ಹೋಗುತ್ತಿರುವ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಮುಂದಿನ ಚಕ್ರದಲ್ಲೇ. ಬ್ರೇಕು ಹಿಡಿದೊಡನೆ ಗಾಡಿಯ ಭಾರವೂ ಸವಾರನ ಭಾರವೂ ಮುಂದಕ್ಕೆ ಸರಿಯುತ್ತವೆ. ಮುಂದಿನ ಚಕ್ರ ನೆಲವನ್ನು ಇನ್ನಷ್ಟು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರವನ್ನು ಕಾಲಿನಿಂದ ಎಷ್ಟು ತುಳಿದರೇನು? ಅದು ಸುತ್ತುವುದನ್ನು ನಿಲ್ಲಿಸಿ ಎಳೆದುಕೊಂಡು ಬರುತ್ತದೆ. ಬಸ್ಸು ಗಕ್ಕನೆ ನಿಂತಾಗ ನಿಂತಿರುವ ಪ್ರಯಾಣಿಕರೆಲ್ಲ ಮುಂದಕ್ಕೆ ಬೀಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದಿನ ಬ್ರೇಕನ್ನು ಮುಟ್ಟಬಾರದೆಂದು ಕಲಿತವನು ತನಗಿರುವ ಶಕ್ತಿಯ ಬಹುಭಾಗವನ್ನು ಮನೆಯಲ್ಲಿಟ್ಟು ಬಂದವನು. ಹಿಡಿಯುವ ಕ್ರಮವನ್ನು ಹೇಳಿಕೊಡಬೇಕು: ಜಗ್ಗುವುದಲ್ಲ, ನಿಂಬೆಹಣ್ಣನ್ನು ಹಿಂಡುವಂತೆ ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ.

ಇನ್ನೊಂದು ತೊಡಕನ್ನು ಯಾರೂ ಗಮನಿಸಿದಂತಿಲ್ಲ. ಈಗಿನ ಮಕ್ಕಳು ಮೊದಲು ಏರುವುದು ಗೇರಿಲ್ಲದ ಸ್ಕೂಟರನ್ನು. ಅದರಲ್ಲಿ ಎಡಗೈಯ ಲಿವರು ಹಿಂದಿನ ಬ್ರೇಕು. ಮೋಟಾರು ಸೈಕಲ್ಲಿನಲ್ಲಿ ಅದೇ ಎಡಗೈಯ ಲಿವರು ಕ್ಲಚ್ಚು. ಸ್ಕೂಟರಿನಿಂದ ಇದಕ್ಕೆ ಬಂದ ಹುಡುಗನು ಅಥವಾ ಹುಡುಗಿಯು ಹೆದರಿದ ಗಳಿಗೆಯಲ್ಲಿ ಹಳೆಯ ಅಭ್ಯಾಸದಂತೆ ಎಡಗೈಯನ್ನು ಬಿಗಿ ಹಿಡಿದರೆ ಗಾಡಿ ನಿಲ್ಲುವುದಿಲ್ಲ. ಇಂಜಿನ್ನಿನ ತಡೆಯೂ ತಪ್ಪಿ ಸಲೀಸಾಗಿ ಮುಂದೆ ಹೋಗುತ್ತದೆ. ಇದನ್ನು ಐದು ನಿಮಿಷದಲ್ಲಿ ಹೇಳಬಹುದು, ಅರ್ಧ ದಿನದಲ್ಲಿ ಅಭ್ಯಾಸ ಮಾಡಿಸಬಹುದು. ಹೇಳುವವರು ಯಾರು? 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಲ್ಲಿ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎ.ಬಿ.ಎಸ್. ಸಾಧನ ಇರಲೇಬೇಕೆಂದು 2019ರ ಏಪ್ರಿಲ್ಲಿನಲ್ಲಿ ನಿಯಮವಾಯಿತು. ಬಹಳ ಒಳ್ಳೆಯದು. ಆದರೆ ಮುಂದಿನ ಬ್ರೇಕನ್ನೇ ಮುಟ್ಟದವನಿಗೆ ಆ ಯಂತ್ರ ಏನು ಉಪಕಾರ ಮಾಡೀತು?

ಇದರಲ್ಲಿ ನಮ್ಮಂಥ ಅಧ್ಯಾಪಕರ ಪಾಲೂ ಇದೆಯೆಂದು ನನ್ನ ವಾದ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿಯಾಗುತ್ತದೆಂಬ ಸೂತ್ರವನ್ನು ಪಿ.ಯು.ಸಿ. ಮೊದಲ ವರ್ಷದ ಭೌತಶಾಸ್ತ್ರದಲ್ಲಿ ಪಾಠ ಮಾಡುತ್ತೇವೆ. ಪ್ರಶ್ನೆಪತ್ರಿಕೆಯಲ್ಲಿ ಒಂದು ರೈಲನ್ನೋ ಒಂದು ಗುಂಡನ್ನೋ ಓಡಿಸಿ ಲೆಕ್ಕ ಕೇಳುತ್ತೇವೆ. ಕಿಟಕಿಯಾಚೆ ಮರದ ಕೆಳಗೆ ನಿಂತಿರುವ ಗಾಡಿಗಳನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಿ ನೋಡೋಣ. ಕಂಡದ್ದನ್ನು ಅರಿತು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು. ಆಮೇಲೆ ಬ್ರೇಕು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 5 ಮೀಟರಿನಷ್ಟು ವೇಗವನ್ನು ತಗ್ಗಿಸುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಸುಮಾರು 23 ಮೀಟರು ಸಾಗಿ ನಿಲ್ಲುತ್ತದೆ. 60ರಲ್ಲಿ ಹೋಗುವುದಕ್ಕೆ ಸುಮಾರು 45 ಮೀಟರು ಬೇಕು. 80ರಲ್ಲಿ ಹೋಗುವುದಕ್ಕೆ 70ಕ್ಕೂ ಹೆಚ್ಚು. ಇನ್ನೂ ಭಯಂಕರವಾದ ಮಾತು ಬೇರೆ ಇದೆ. 40ರಲ್ಲಿ ಹೋಗುತ್ತಿದ್ದವನು ಪೂರ್ಣವಾಗಿ ನಿಂತಿರುವ ಆ ಜಾಗದಲ್ಲಿ 60ರವನ ವೇಗ ಇನ್ನೂ 52 ಕಿಲೋಮೀಟರಿಗೆ ಕಡಮೆಯಾಗಿರುವುದಿಲ್ಲ. ಕರಿಹಲಗೆಯ ಮೇಲೆ ಈ ಲೆಕ್ಕವನ್ನು ಮಾಡಿಸಿದ ದಿನ, ಎಂದೂ ಮಾತಾಡದ ಹಿಂದಿನ ಬೆಂಚಿನಿಂದ, "ಮಳೆ ಬಂದಿದ್ರೆ ಸಾರ್?" ಎಂಬ ಪ್ರಶ್ನೆ ಬಂತು. ಇಡೀ ವರ್ಷದಲ್ಲಿ ಆ ಬೆಂಚಿನಿಂದ ಬಂದ ಪ್ರಶ್ನೆ ಅದೊಂದೇ.

ಸರ್ಕಾರದ ಪರೀಕ್ಷೆಯ ಮಾತೂ ಇದೆ. ಕಲಿಕೆಯ ಪರವಾನಗಿ ಪಡೆದು 30 ದಿನ ಕಳೆದ ಮೇಲೆ ಪಕ್ಕಾ ಪರವಾನಗಿಗೆ ಅರ್ಜಿ ಹಾಕಬಹುದು. ಆ 30 ದಿನಗಳಲ್ಲಿ ಅಭ್ಯರ್ಥಿ ಏನು ಕಲಿತನೆಂಬುದಕ್ಕೆ ದ್ವಿಚಕ್ರದವರ ಮಟ್ಟಿಗೆ ಎಲ್ಲರೂ ಬಲ್ಲ ಸಾಕ್ಷಿಯೆಂದರೆ ಎಂಟರ ಅಂಕಿ. ಕಾಲು ನೆಲಕ್ಕೆ ತಾಗದಂತೆ ಎಂಟನ್ನು ಬರೆದು ತೋರಿಸಿದರೆ ಸವಾರನಾದಂತೆ. ಎಂಟು ಬರೆಯುವುದು ತೂಗಿಸಿಕೊಂಡು ಹೋಗುವ ಪರೀಕ್ಷೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ರಸ್ತೆಯಲ್ಲಿ ಜನ ಸಾಯುತ್ತಿರುವುದು ನಿಧಾನವಾಗಿ ಎಂಟು ಬರೆಯಲು ಬಾರದೆ ಅಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು. ಕಾಲೇಜುಗಳಲ್ಲಿ ಕೆಲಸ ಮಾಡುವವರಿಗೆ ಈ ಅಂಕಿಗಳು ಬರಿಯ ಅಂಕಿಗಳಲ್ಲ. ಹಾಜರಿಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಮುಂದಿನ ಹೆಸರನ್ನು ಕೂಗಬೇಕಾದ ಬೆಳಿಗ್ಗೆ ನಮ್ಮಲ್ಲಿ ಎಷ್ಟೋ ಜನಕ್ಕೆ ಬಂದಿರುತ್ತದೆ.

ತಲೆಯ ರಕ್ಷಣೆಯ ಕತೆಯನ್ನೂ ಕೇಳಿ. ಅರೇಬಿಯಾದ ಲಾರೆನ್ಸನೆಂದು ಹೆಸರಾದ ಸಾಹಸಿ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆಯೊಂದರಲ್ಲಿ, ಸೈಕಲ್ಲಿನ ಮೇಲೆ ಬರುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ, ತನ್ನ ಪ್ರೀತಿಯ ಬ್ರೌ ಸುಪೀರಿಯರ್ ಗಾಡಿಯಿಂದ ಎಸೆಯಲ್ಪಟ್ಟು ಆರು ದಿನಗಳ ಅನಂತರ ಸತ್ತನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನಿದ್ದನು. ಆ ಸಾವು ಅವನ ಮನಸ್ಸಿನಲ್ಲಿ ನಿಂತಿತು. ಯುದ್ಧಕಾಲದಲ್ಲಿ ಸೈನ್ಯದ ಸುದ್ದಿ ಒಯ್ಯುವ ಸವಾರರ ತಲೆಯ ಗಾಯಗಳನ್ನು ಪರೀಕ್ಷಿಸಿ 1941ರಲ್ಲಿ ಅವನು ಪ್ರಕಟಿಸಿದ ಲೇಖನದಿಂದ ಹೆಲ್ಮೆಟ್ಟಿನ ಪ್ರಯೋಜನ ವೈದ್ಯಲೋಕಕ್ಕೆ ಮನವರಿಕೆಯಾಯಿತು. ಒಬ್ಬ ವೀರನ ಸಾವಿನಿಂದ ಹುಟ್ಟಿದ ಆ ವಸ್ತು ನಮ್ಮಲ್ಲಿ ಪೆಟ್ರೋಲು ಟ್ಯಾಂಕಿನ ಮೇಲೆ ಕುಳಿತು ಬರುತ್ತದೆ, ಮೊಣಕೈಗೆ ತೂಗಿಕೊಂಡು ಬರುತ್ತದೆ. ಪೋಲೀಸರು ಕಂಡಾಗ ಮಾತ್ರ ತಲೆಯನ್ನೇರುತ್ತದೆ. ಏರಿದರೂ ಗದ್ದದ ಪಟ್ಟಿಯನ್ನು ಬಿಗಿದಿರುವುದಿಲ್ಲ. ರಸ್ತೆಯ ಬದಿಯಲ್ಲಿ ಹಗ್ಗಕ್ಕೆ ತೂಗುಹಾಕಿ ಮಾರುವ ಚಿಪ್ಪಿನಂಥ ಟೋಪಿಗಳಂತೂ ದಂಡದಿಂದ ರಕ್ಷಿಸುತ್ತವೆಯೇ ಹೊರತು ನೆಲದಿಂದಲ್ಲ.

ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ ದ್ವಿಚಕ್ರದವರು ಬರಕೂಡದೆಂದು 2023ರ ಆಗಸ್ಟ್ 1ರಿಂದ ಆಜ್ಞೆಯಾಯಿತು. ನಾವು ಪಕ್ಕದ ಸರ್ವೀಸು ರಸ್ತೆಗೆ ಇಳಿದೆವು. ನೂರರ ವೇಗದಲ್ಲಿ ಕಾರುಗಳು ಹಾರುವ ಕಡೆ ಐವತ್ತರ ಗಾಡಿಗೆ ಸ್ಥಾನವಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಈ ಆಜ್ಞೆಯನ್ನು ಹಳಿಯುವ ಗೆಳೆಯರೊಡನೆ ನನಗೆ ಸಹಮತವಿಲ್ಲ. ಆದರೆ ಬೇಡವೆಂದು ಫಲಕ ನೆಡುವುದಕ್ಕೆ ತೋರಿದ ಶ್ರದ್ಧೆಯಲ್ಲಿ ನಾಲ್ಕನೆಯ ಒಂದು ಪಾಲನ್ನು ಕಲಿಸುವುದಕ್ಕೆ ತೋರಿದ್ದರೆ ಚೆನ್ನಾಗಿತ್ತು.

ಆದ್ದರಿಂದ ನನ್ನ ಸೂಚನೆ ಇಷ್ಟೆ. ಪ್ರತಿಯೊಂದು ಕಾಲೇಜಿಗೂ ಒಂದು ಆಟದ ಬಯಲಿದೆ. ಶನಿವಾರ ಮಧ್ಯಾಹ್ನ ಅದು ಖಾಲಿ. ಸುಣ್ಣದ ಪುಡಿ, ನಾಲ್ಕು ಹಳೆಯ ಟಯರು, ಕೆಲಸ ಬಲ್ಲ ಒಬ್ಬ ಸವಾರ, ಇಷ್ಟಿದ್ದರೆ ಎರಡು ಶನಿವಾರಗಳಲ್ಲಿ ಒಂದು ತರಗತಿಯ ಹುಡುಗರಿಗೂ ಹುಡುಗಿಯರಿಗೂ 20ರ ವೇಗದಿಂದ, ಆಮೇಲೆ 30ರಿಂದ, ಗೆರೆಯ ಮೇಲೆ ನಿಲ್ಲುವುದನ್ನು ಅಭ್ಯಾಸ ಮಾಡಿಸಬಹುದು. ಮಣ್ಣಿನ ಬಯಲಾದರೆ ಗೇಟಿನೊಳಗಿನ ಟಾರು ದಾರಿಯೇ ಸಾಕು. ಹೀಗೆ ಕಲಿಸಿದರೆ ಗಾಡಿಯ ಹುಚ್ಚಿಗೆ ನಾವೇ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೆ ಎಂದು ಕೆಲವರು ಕೇಳಿದರು. ಬಸ್ಸಿಲ್ಲದ ಊರಿನಿಂದ ಹಾಲಿನ ಕ್ಯಾನನ್ನು ಡೈರಿಗೆ ಮುಟ್ಟಿಸಿ ಎಂಟೂವರೆಗೆ ತರಗತಿಗೆ ಬರುವ ಹುಡುಗನಿಗೆ ಗಾಡಿ ಹುಚ್ಚಲ್ಲ, ಕಾಲು. ಇನ್ನು ನಿಜವಾದ ಹುಚ್ಚಿರುವವನು ನಮ್ಮ ಅಪ್ಪಣೆಗಾಗಿ ಕಾದಿಲ್ಲ. ಇದರಿಂದ ಅಪಘಾತಗಳು ನಿಂತೇಹೋಗುತ್ತವೆಂದು ನಾನು ಭರವಸೆ ಕೊಡಲಾರೆ. ದೀಪವಿಲ್ಲದ ಟ್ರೈಲರಿಗೆ ನಮ್ಮ ಬಯಲಿನ ಪಾಠ ಮುಟ್ಟುವುದಿಲ್ಲ. ಆದರೂ ಎಡಗೈ ಬಿಗಿಹಿಡಿಯುವ ಒಬ್ಬಳು ಬಲಗೈ ಹಿಂಡುವುದನ್ನು ಕಲಿತರೆ, ಅಷ್ಟರ ಮಟ್ಟಿಗೆ ಕೆಲಸವಾಯಿತು.

ನಮ್ಮ ದೈಹಿಕ ಶಿಕ್ಷಣದ ಮೇಷ್ಟರು ಒಪ್ಪಿದ್ದಾರೆ. ಪ್ರಾಂಶುಪಾಲರೂ ಬೇಡವೆಂದಿಲ್ಲ. ಗೆರೆ ಎಷ್ಟು ಮೀಟರು ಹಾಕಿಸಬೇಕೆಂದು ಮೇಷ್ಟರು ಮೊನ್ನೆ ಕೇಳಿದರು. ನಾನು ಲೆಕ್ಕ ಹಾಕಿ, ಇಪ್ಪತ್ತೈದು ಸಾಕೆಂದೆ. ಅವರು ಆಕಾಶವನ್ನು ಒಮ್ಮೆ ನೋಡಿ, "ನಲವತ್ತು ಹಾಕಿಸೋಣ ಸಾರ್, ಮಳೆಗಾಲ ಬರ್ತಾ ಇದೆ" ಎಂದರು.